ನಿಮ್ಮ ಪೇಟೆ ಯಾಕೆ ಬದಲಾಗುತ್ತಿದೆ? ತಿಳಿಯುವುದು ಹೀಗೆ

ಬೆಳಗಾವಿಯ ಖಡೇಬಜಾರದಲ್ಲಿ ಯಾರನ್ನಾದರೂ ಕೇಳಿ, "ಮೊದಲಿನ ಹಂಗ ಇಲ್ರಿ" ಅಂತಾರೆ. ಯಾಕೆ ಅಂದರೆ ಮೊಬೈಲ್ ಎತ್ತಿ ತೋರಿಸುತ್ತಾರೆ. ಅದು ಅರ್ಧ ಉತ್ತರ. ಮೊಬೈಲ್ ಇಲ್ಲದ ಕಾಲದಲ್ಲೇ, ಕೆಲವೇ ವರ್ಷಗಳಲ್ಲಿ ಪೇಟೆಗೆ ಪೇಟೆಯೇ ಬದಲಾದ ಊರುಗಳಿವೆ: ಪೋಲೆಂಡ್‌ನ ವಾರ್ಸಾ, ಚೆಕೊಸ್ಲೊವಾಕಿಯಾದ ಪ್ರಾಗ್, ಪೂರ್ವ ಜರ್ಮನಿಯ ಲೈಪ್‌ಜಿಗ್. 1989ರವರೆಗೆ ಅಲ್ಲಿ ಬಹುಪಾಲು ಅಂಗಡಿ ಸರಕಾರದ್ದು ಇಲ್ಲವೇ ಸಹಕಾರ ಸಂಘದ್ದು. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಅಲ್ಲಿ ಏನಾಯಿತು ಅಂತ ತಿಳಿದುಕೊಂಡು ನಮ್ಮ ಬೆಳಗಾವಿಯ ಬಜಾರದಲ್ಲಿ ಒಂದು ಬೆಳಿಗ್ಗೆ ಅಡ್ಡಾಡಿದರೆ, ದಿನಾ ಕಂಡರೂ ಗಮನಕ್ಕೆ ಬಾರದ ಎಷ್ಟೋ ಸಂಗತಿ ಕಾಣುತ್ತವೆ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಸಾಕು.

ಮೊದಲು ನೆಲದ ಮೇಲೆ ಕೂತು ಮಾರುವವರ ಹತ್ತಿರ ಹೋಗಿ. ಪೋಲೆಂಡ್‌ನಲ್ಲಿ 1989ರ ಜನವರಿಯಿಂದ ಯಾರು ಬೇಕಾದರೂ ವ್ಯಾಪಾರ ಮಾಡಬಹುದು ಅಂತ ಕಾನೂನು ಬಂತು. 1990ರ ಜನವರಿ 1ರಿಂದ ಹಣಕಾಸು ಮಂತ್ರಿ ಬಾಲ್ಸೆರೋವಿಚ್ ಬಹುಪಾಲು ಸಾಮಾನಿನ ಬೆಲೆಯ ಮೇಲಿನ ಸರಕಾರದ ಹಿಡಿತ ತೆಗೆದರು. ವಾರ್ಸಾದಲ್ಲಿ ಸಂಸ್ಕೃತಿ ಅರಮನೆ ಅನ್ನುವ ಎತ್ತರದ ಕಟ್ಟಡದ ಮುಂದಿನ ದೊಡ್ಡ ಚೌಕದಲ್ಲಿ ಜನ ಮಡಚುವ ಮಂಚದ ಮೇಲೆ ಬಟ್ಟೆ, ಸಾಬೂನು, ಮಾಂಸ, ಸಿಕ್ಕಿದ್ದೆಲ್ಲಾ ಹರಡಿ ಮಾರಿದರು. ವಿಸ್ತುಲಾ ನದಿಯಾಚೆ ಪಾಳುಬಿದ್ದ ಸ್ಟೇಡಿಯಂ ಒಂದು ದೊಡ್ಡ ಸಂತೆಯೇ ಆಯಿತು. ಆಮೇಲೆ ಆ ಜಾಗಕ್ಕೆ ಬೆಲೆ ಬಂತು. ಚೌಕದಲ್ಲಿದ್ದ ವ್ಯಾಪಾರಿಗಳ ಹಾಲ್ ಅನ್ನು 2009ರ ಜುಲೈನಲ್ಲಿ ಗಲಾಟೆ ನಡುವೆ ಖಾಲಿ ಮಾಡಿಸಿದರು. ಸಂತೆ ಇದ್ದ ಕಡೆ 2012ರಲ್ಲಿ ಹೊಸ ಫುಟ್‌ಬಾಲ್ ಸ್ಟೇಡಿಯಂ ತೆರೆಯಿತು. ಊರಿಗೆ ಕಷ್ಟವಿದ್ದಾಗ ಸಾಮಾನು ಒದಗಿಸಿದವರೇ ಮೊದಲು ಜಾಗ ಬಿಡಬೇಕಾಯಿತು. ನನಗೆ ಇದು ಇವತ್ತಿಗೂ ಅನ್ಯಾಯ ಅನಿಸುತ್ತದೆ.

ಹಾಗಾಗಿ ನಮ್ಮ ಗಣಪತ ಗಲ್ಲಿಯಲ್ಲಿ ಸುಮ್ನೆ ಗಾಡಿ ಎಣಿಸಬೇಡಿ. ಎರಡು ಸಿವುಡು ಮೆಂತ್ಯ ಕೊಳ್ಳಿ, "ಅಕ್ಕಾರ, ಯಾವ ಊರಿಂದ ಬರ್ತೀರಿ, ಎಷ್ಟು ವರ್ಷ ಆತು ಇಲ್ಲಿ ಕೂತು?" ಅಂತ ಕೇಳಿ. ಇಲ್ಲಿಂದ ಎಬ್ಬಿಸಿದರೆ ಎಲ್ಲಿಗೆ ಹೋಗುತ್ತಾರೆ ಅಂತಲೂ ಕೇಳಿ ಬರೆದುಕೊಳ್ಳಿ.

ಎರಡನೆಯದು ಕಟ್ಟಡ. ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ, ಯಾಕೆಂದರೆ ಮುಖ್ಯ ಉತ್ತರ ಇಲ್ಲೇ ಸಿಗುತ್ತದೆ. ಚೆಕೊಸ್ಲೊವಾಕಿಯಾದಲ್ಲಿ 1991ರ ಜನವರಿಯಿಂದ ಸಣ್ಣ ಅಂಗಡಿ, ಹೋಟೆಲ್‌ಗಳನ್ನು ಬಹಿರಂಗ ಹರಾಜಿಗೆ ಹಾಕಿದರು. ಆದರೆ ಎಷ್ಟೋ ಕಡೆ ಹರಾಜಿನಲ್ಲಿ ಗೆದ್ದವರಿಗೆ ಸಿಕ್ಕಿದ್ದು ಅಂಗಡಿ ನಡೆಸುವ ಹಕ್ಕು ಮಾತ್ರ, ಗೋಡೆಯಲ್ಲ. ಸರಕಾರ ಕಿತ್ತುಕೊಂಡಿದ್ದ ಕಟ್ಟಡಗಳು ಹಳೆಯ ಮಾಲೀಕರಿಗೆ, ಅವರ ಮಕ್ಕಳಿಗೆ ವಾಪಸ್ಸಾದವು. ಬಾಡಿಗೆ ಏರಿತು. ಪ್ರಾಗ್‌ನ ನಡುಪೇಟೆಯಿಂದ ದಿನಸಿ ಅಂಗಡಿಗಳು ಹೋಗಿ ಬ್ಯಾಂಕು, ವಿದೇಶಿ ಬ್ರಾಂಡು, ಪ್ರವಾಸಿಗರಿಗೆ ನೆನಪಿನ ಕಾಣಿಕೆ ಮಾರುವವರು ಬಂದರು.

ಇದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ನಮ್ಮಪ್ಪನ ಅರಿವೆ ಅಂಗಡಿ ಹಳೆಯ ಪಗಡಿಯ ಮೇಲಿತ್ತು, ಅಂದರೆ ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದದ್ದು. ಗಿರಾಕಿ ಕಡಿಮೆಯಾಗಿ ಅದು ಮುಚ್ಚಲಿಲ್ಲ, ಕಟ್ಟಡ ಅಣ್ಣತಮ್ಮಂದಿರಲ್ಲಿ ಪಾಲಾಗಿ ಮಾರಾಟವಾಯಿತು, ನಾವು ಹೊರಗೆ ಬಂದೆವು. ಅದಕ್ಕೇ ಪ್ರತಿ ಅಂಗಡಿಯಲ್ಲೂ ಕೇಳಿ: ಸ್ವಂತದ್ದಾ, ಪಗಡಿನಾ, ಹೊಸ ಡಿಪಾಜಿಟ್ಟಾ? ಕರಾರು ಎಷ್ಟು ವರ್ಷದ್ದು? ಬಾಡಿಗೆ ಎಷ್ಟು ಅಂತ ನೇರ ಕೇಳಬೇಡಿ, ಯಾರೂ ಹೇಳುವುದಿಲ್ಲ. ಆಮೇಲೆ ತಲೆ ಎತ್ತಿ ಮಾಳಿಗೆ ನೋಡಿ. ಮೇಲೆ ಬಟ್ಟೆ ಒಣಗಿದ್ದರೆ ಜನ ಇದ್ದಾರೆ, ಅಂದರೆ ಕೆಳಗಿನ ಕಿರಾಣಿ ಅಂಗಡಿಗೆ ಗಿರಾಕಿ ಇದ್ದಾರೆ. ಗೋದಾಮು ಆಗಿದ್ದರೆ ರಾತ್ರಿ ಶಟರ್ ಇಳಿದ ಮೇಲೆ ಆ ಗಲ್ಲಿ ಖಾಲಿ.

ಮೂರನೆಯದಕ್ಕೆ ಊರ ಹೊರಗೆ ಹೋಗಬೇಕು. ಪೂರ್ವ ಜರ್ಮನಿಗೆ 1990ರ ಜುಲೈ 1ರಂದು ಪಶ್ಚಿಮ ಜರ್ಮನಿಯ ಹಣವಾದ ಮಾರ್ಕ್ ಬಂತು, ಅಂಗಡಿಗಳಲ್ಲಿ ಪಶ್ಚಿಮದ ಸಾಮಾನು ತುಂಬಿತು. ಲೈಪ್‌ಜಿಗ್‌ನ ನಡುಪೇಟೆಯಲ್ಲಿ ಮಾತ್ರ "ಈ ಕಟ್ಟಡ ನಮ್ಮದು" ಅನ್ನುವ ಅರ್ಜಿಗಳ ರಾಶಿ. ತಕರಾರು ತೀರದೆ ಕಟ್ಟುವವರು ಮುಂದೆ ಬರಲಿಲ್ಲ. ಅಷ್ಟರಲ್ಲಿ ಊರಾಚೆಯ ಬಯಲಿನಲ್ಲಿ 1991ರಲ್ಲೇ ಸಾಲೆ ಪಾರ್ಕ್ ಅನ್ನುವ ಭಾರೀ ಮಳಿಗೆ ಸಂಕೀರ್ಣ ತೆರೆಯಿತು, ಕಾರು ನಿಲ್ಲಿಸಲು ಬೇಕಾದಷ್ಟು ಜಾಗದ ಜೊತೆ. ಜನ ಅಲ್ಲಿಗೆ ಹೋದರು. ನಮ್ಮಲ್ಲೂ ಕೋರ್ಟ್ ಕೇಸಿನಿಂದ ಬೀಗ ಬಿದ್ದ ಕಟ್ಟಡ ಎಷ್ಟಿವೆ, ಗಾಡಿ ನಿಲ್ಲಿಸಲು ಎಷ್ಟು ಸುತ್ತು ಹಾಕಬೇಕು, ಎರಡನ್ನೂ ಬರೆಯಿರಿ.

ಒಂದು ಎಚ್ಚರ. ನಮ್ಮ ಬಜಾರ ಯಾವತ್ತೂ ಖಾಸಗಿಯವರದ್ದೇ, ಅಲ್ಲಿಯ ಹಾಗೆ ಒಂದೇ ಸಲ ಹರಾಜಾಗಿಲ್ಲ. ಇಲ್ಲಿ ಬದಲಾವಣೆ ನಿಧಾನ, ಹಾಗಾಗಿ ಒಂದು ಸಲ ನೋಡಿದರೆ ತಿಳಿಯುವುದಿಲ್ಲ. ಆರು ತಿಂಗಳು ಬಿಟ್ಟು ವಾರದ ಅದೇ ದಿನ, ಅದೇ ಹೊತ್ತಿಗೆ, ಅದೇ ಗಲ್ಲಿಗೆ ಹೋಗಿ. ಗಣಪತಿ ಹಬ್ಬ, ದೀಪಾವಳಿಯ ಗದ್ದಲದ ದಿನ ಬೇಡ. ಬರೆದದ್ದನ್ನು ಅಲ್ಲಿಯ ಹಿರಿಯ ಅಂಗಡಿಕಾರರೊಬ್ಬರಿಗೆ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.