ಡಯಟ್ ಬಿಡಲಿಲ್ಲ, ವಾಕಿಂಗ್ ಬಿಡಲಿಲ್ಲ, ತೂಕ ಮಾತ್ರ ಹತ್ತಿ ಇಳಿಯುತ್ತಿತ್ತು

ಒಂದೇ ರಾತ್ರಿಯಲ್ಲಿ ಒಂದೂಕಾಲು ಕೆಜಿ ಕೊಬ್ಬು ಯಾರ ಮೈಗೂ ಹತ್ತುವುದಿಲ್ಲ. ತೂಕದ ಮಷೀನ್ ಹಾಗೆ ತೋರಿಸಿದರೆ ಅದು ಹೆಚ್ಚಾಗಿ ಮೈಯಲ್ಲಿ ನಿಂತ ನೀರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ವಾಕಿಂಗ್ ಗುಂಪಿನಲ್ಲೇ ಎಷ್ಟೋ ಜನ ಸಕ್ಕರೆ ಬಂದ್, ರಾತ್ರಿ ಒಂದೇ ಚಪಾತಿ, ದಿನಾ ಒಂದು ಗಂಟೆ ನಡಿಗೆ ಅಂತ ತಿಂಗಳುಗಟ್ಟಲೆ ಶ್ರದ್ಧೆಯಿಂದ ಮಾಡಿ, ಒಂದು ಬೆಳಿಗ್ಗೆ ಮಷೀನ್ ಮೇಲೆ ನಿಂತು ನೋಡಿ, ಬೇಜಾರಾಗಿ ಎಲ್ಲಾ ಕೈಬಿಟ್ಟಿದ್ದಾರೆ. ಅವರು ಮಾಡಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಅದಕ್ಕೇ ನನಗೆ ಸಂಕಟ.

ನಾನಿರುವುದು ಚಿಕ್ಕಮಗಳೂರಿನಲ್ಲಿ. ಇಡೀ ದಿನ ಕುರ್ಚಿ ಮೇಲೆ ಕೂತು ಮಾಡುವ ಕೆಲಸ, ವಯಸ್ಸು ನಲವತ್ತು ದಾಟಿದೆ. ಬೆಳಿಗ್ಗೆ ರತ್ನಗಿರಿ ಬೋರೆ ಕಡೆ ವಾಕಿಂಗ್, ಸಂಜೆ ಆದಾಗ ಮನೆಯಲ್ಲೇ ಡಂಬೆಲ್ಸ್, ಊಟ ಅಳತೆಯಲ್ಲಿ. ಇಷ್ಟಾದರೂ ತೂಕ ಇವತ್ತು 71.2, ನಾಳೆ 72.5, ಮತ್ತೆರಡು ದಿನಕ್ಕೆ 70.9. ಮೊದಲು ರಕ್ತ ಪರೀಕ್ಷೆ ಮಾಡಿಸಿದೆ, ಥೈರಾಯ್ಡ್ ನೋಡುವ ಟಿಎಸ್‌ಎಚ್ ಮತ್ತು ಶುಗರ್. ಥೈರಾಯ್ಡ್ ನಿಧಾನವಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ತೂಕ ಏರುತ್ತದೆ, ಅದನ್ನು ನೋಡದೆ ಬೇರೆ ಕಾರಣ ಹುಡುಕುವುದರಲ್ಲಿ ಅರ್ಥವಿಲ್ಲ. ಎರಡೂ ನಾರ್ಮಲ್ ಬಂತು. ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ತೂಕದ ಪಕ್ಕದಲ್ಲಿ ಹಿಂದಿನ ದಿನ ಉಪ್ಪಿನದ್ದು ಏನು ತಿಂದೆ, ಮೈಕೈ ನೋವಿದೆಯಾ, ಹೊಟ್ಟೆ ಸರಿಯಾಗಿ ಹೋಯಿತಾ, ಮುಟ್ಟಿನ ಎಷ್ಟನೇ ದಿನ, ಇಷ್ಟನ್ನು ಬರೆಯುತ್ತಾ ಹೋದೆ.

ಮಷೀನ್ ವಿಷಯ ಬೇಗ ಮುಗಿಸುತ್ತೇನೆ. ಮ್ಯಾಟ್ ಮೇಲೆ ಇಡಬಾರದು, ಗಟ್ಟಿಯಾದ ಸಮತಟ್ಟು ನೆಲ ಬೇಕು. ಅನುಮಾನ ಬಂದರೆ ಬಾಯಿ ಬಿಚ್ಚದ 10 ಕೆಜಿ ಅಕ್ಕಿ ಚೀಲ ಎತ್ತಿಕೊಂಡು ನಿಲ್ಲಿ, ಆಮೇಲೆ ಚೀಲ ಇಳಿಸಿ ನಿಲ್ಲಿ, ವ್ಯತ್ಯಾಸ ಹೆಚ್ಚುಕಮ್ಮಿ ಹತ್ತೇ ಬರಬೇಕು. ಎದ್ದು ಟಾಯ್ಲೆಟ್‌ಗೆ ಹೋಗಿ ಬಂದ ಮೇಲೆ, ಕಾಫಿಗೆ ಮುಂಚೆ, ದಿನಾ ಅದೇ ಹೊತ್ತು.

ಚಿಕ್ಕಪ್ಪನ ಮಗಳ ಮನೆ ಗೃಹಪ್ರವೇಶದ ಮರುದಿನ ನನ್ನ ತೂಕ 1.3 ಕೆಜಿ ಜಾಸ್ತಿ ತೋರಿಸಿತು. ಕೂತು ಲೆಕ್ಕ ಹಾಕಿದೆ. ಒಂದು ಕೆಜಿ ಕೊಬ್ಬು ಸೇರಬೇಕಾದರೆ ಸುಮಾರು 7700 ಕ್ಯಾಲೋರಿ ಹೆಚ್ಚಿಗೆ ಹೋಗಬೇಕು. 1.3 ಕೆಜಿ ಅಂದರೆ ಹತ್ತು ಸಾವಿರ. ತುಪ್ಪ ಸುರಿದ ಒಂದು ಹೋಳಿಗೆಗೆ 250 ಅಂತ ಹಿಡಿದರೂ, ಮಾಮೂಲಿ ಊಟದ ಮೇಲೆ ನಲವತ್ತು ಹೋಳಿಗೆ ತಿಂದಿರಬೇಕು! ನಾನು ತಿಂದಿದ್ದು ಎರಡು. ಹಾಗಾದರೆ ಉಳಿದದ್ದು ಏನು? ಇನ್ನೂ ಕರಗದೆ ಹೊಟ್ಟೆಯಲ್ಲಿರುವ ಊಟದ ತೂಕ ಸ್ವಲ್ಪ, ಮಿಕ್ಕಿದ್ದೆಲ್ಲಾ ನೀರು. ಮೂರನೇ ದಿನಕ್ಕೆ ಅಷ್ಟೂ ಇಳಿದಿತ್ತು, ನಾನು ಉಪವಾಸವನ್ನೇನೂ ಮಾಡಿರಲಿಲ್ಲ.

ನಮ್ಮ ಕಡೆ ಮಳೆಗಾಲದಲ್ಲಿ ಈ ಏರುಪೇರು ಜಾಸ್ತಿ. ನೋಟ್‌ಬುಕ್ ತಿರುವಿ ಹಾಕಿದಾಗ ಕಣ್ಣಿಗೆ ಹೊಡೆದಿದ್ದು ಮಿಡಿ ಉಪ್ಪಿನಕಾಯಿ. ಜಾಡಿಯಿಂದ ತೆಗೆದ ಒಂದು ಮಿಡಿ, ಅದರ ಜೊತೆ ತಟ್ಟೆಗೆ ಬಿದ್ದ ರಸ, ಆ ರಸವನ್ನೂ ಮಜ್ಜಿಗೆ ಅನ್ನಕ್ಕೆ ಕಲಸಿಕೊಂಡು ತಿನ್ನುತ್ತೇವೆ, ಪಕ್ಕದಲ್ಲಿ ಸುಟ್ಟ ಹಪ್ಪಳ. ಮಿಡಿಯಲ್ಲಿ ಕ್ಯಾಲೋರಿ ಇಲ್ಲವೇ ಇಲ್ಲ ಅನ್ನಬಹುದು, ಆದ್ದರಿಂದ ಡಯಟ್ ಮಾಡುವವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ಏರಿಸುವ ನಾರ್ಮಲ್ ಸಲೈನ್ ನೋಡಿ, ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು. ರಕ್ತದಲ್ಲಿ ಉಪ್ಪು ನೀರು ಹೆಚ್ಚುಕಮ್ಮಿ ಅದೇ ಹದದಲ್ಲಿ ಇರಬೇಕು. ಒಂದು ಚಮಚದಷ್ಟು, ಅಂದರೆ ಐದು ಗ್ರಾಂ ಉಪ್ಪು ಹೆಚ್ಚಿಗೆ ಒಳಗೆ ಹೋದರೆ, ಕಿಡ್ನಿ ಅದನ್ನು ಹೊರಗೆ ಹಾಕುವ ತನಕ ಅರ್ಧ ಲೀಟರ್ ನೀರಾದರೂ ಮೈಯಲ್ಲಿ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೇ 5 ಗ್ರಾಂಗಿಂತ ಕಮ್ಮಿ ಇರಲಿ ಅನ್ನುತ್ತದೆ. ಇದನ್ನು ಮನೆಯಲ್ಲಿ ಹೇಳಿದಾಗ ಅತ್ತೆ, "ಮಳೆಗಾಲದಲ್ಲಿ ಮಿಡಿ ಇಲ್ಲದೆ ಊಟ ಹೇಗಮ್ಮಾ ಸೇರುತ್ತೆ?" ಅಂದರು. "ಮಿಡಿ ಬಿಡಲ್ಲ ಅತ್ತೆ, ರಸ ಬಿಡ್ತೀನಿ. ತಿಂದ ಮರುದಿನ ಮಷೀನ್ ಹೇಳಿದ್ದನ್ನ ನಂಬಲ್ಲ" ಅಂದೆ. ಈಗಲೂ ಹಾಗೇ ನಡೆಸುತ್ತಿದ್ದೇನೆ.

ಅನ್ನ, ಅಕ್ಕಿ ರೊಟ್ಟಿ, ಕಡುಬು ಪೂರ್ತಿ ಬಿಟ್ಟವರಿಗೆ ಮೊದಲ ವಾರವೇ ಎರಡು ಕೆಜಿ ಇಳಿಯುವುದೂ ಇದೇ ನೀರಿನ ಕಥೆ. ಲಿವರ್ ಮತ್ತು ಸ್ನಾಯುಗಳಲ್ಲಿ ಸುಮಾರು ಅರ್ಧ ಕೆಜಿ ಗ್ಲೈಕೋಜನ್, ಅಂದರೆ ಮೈ ಕೂಡಿಟ್ಟುಕೊಂಡ ಸಕ್ಕರೆಯ ದಾಸ್ತಾನು ಇರುತ್ತದೆ, ಅದರ ಒಂದೊಂದು ಗ್ರಾಂ ಜೊತೆಗೂ ಮೂರು ಗ್ರಾಂನಷ್ಟು ನೀರು. ಅನ್ನ ಬಿಟ್ಟಾಗ ಅದು ಖಾಲಿಯಾಗುತ್ತದೆ, ಒಂದು ದಿನ ಮೂರು ಕಡುಬು ತಿಂದರೆ ಮತ್ತೆ ತುಂಬಿಕೊಳ್ಳತೊಡಗುತ್ತದೆ. "ಒಂದು ದಿನ ತಿಂದಿದ್ದಕ್ಕೆ ಎಲ್ಲಾ ವಾಪಸ್ ಬಂತು" ಅಂತ ಅಳುವಷ್ಟು ಏನೂ ಆಗಿರುವುದಿಲ್ಲ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಮುಳ್ಳಯ್ಯನಗಿರಿ. ಸರ್ಪದಾರಿ ಕಡೆಯಿಂದ ಹತ್ತಿ, ಮೇಲೆ ಗಾಳಿಗೆ ನಿಂತು, ಅದೇ ದಾರಿಯಲ್ಲಿ ಇಳಿದು ಬಂದೆವು. 1930 ಮೀಟರ್ ಎತ್ತರದ ಬೆಟ್ಟ, ರಾಜ್ಯದಲ್ಲೇ ಎತ್ತರದ ತುದಿ, ಇಷ್ಟು ಮೈ ಮುರಿದ ಮೇಲೆ ತೂಕ ಇಳಿಯಲೇಬೇಕು ಅಲ್ವಾ? ಮರುದಿನ ಮುಕ್ಕಾಲು ಕೆಜಿ ಜಾಸ್ತಿ, ಅದರ ಮರುದಿನ ಇನ್ನೂ ಸ್ವಲ್ಪ. ತೊಡೆ ಮುಟ್ಟಿದರೆ ನೋವು, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಬೇಕು. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈ ಭಾರ ತಡೆಯಬೇಕಾಗುತ್ತದೆ, ಅದರಿಂದ ಹತ್ತುವಾಗಿನದಕ್ಕಿಂತ ಇಳಿಯುವಾಗಲೇ ಎಳೆಗಳಿಗೆ ಪೆಟ್ಟು ಜಾಸ್ತಿ. ಪೆಟ್ಟಾದ ಕಡೆ ರಿಪೇರಿಗೆ ನೀರು ಬಂದು ಸೇರುತ್ತದೆ, ಉಳುಕಿದ ಕಾಲು ಊದಿಕೊಳ್ಳುವ ಹಾಗೆ, ಆದರೆ ಇಲ್ಲಿ ಊತ ಕಣ್ಣಿಗೆ ಕಾಣುವುದಿಲ್ಲ. ನೋವು ಹೋದ ಮೇಲೆ ತೂಕವೂ ಇಳಿಯಿತು, ಬೆಟ್ಟಕ್ಕೆ ಹೋಗುವ ಮುಂಚೆ ಇದ್ದಿದ್ದಕ್ಕಿಂತ ಕೆಳಗೇ ಬಂತು. ಹೊಸದಾಗಿ ಜಿಮ್ ಸೇರಿದವರಿಗೆ ಮೊದಲ ವಾರಗಳಲ್ಲಿ ತೂಕ ಏರುವುದಕ್ಕೂ ಇದೇ ಒಂದು ಕಾರಣ. ದಯವಿಟ್ಟು ಆ ವಾರಗಳಲ್ಲಿ ಜಿಮ್ ಬಿಡಬೇಡಿ.

ಹೆಂಗಸರಿಗೆ ಮುಟ್ಟಿನ ಹಿಂದಿನ ಕೆಲವು ದಿನ ನೀರು ನಿಲ್ಲುವುದು ಬೇರೆ. ನನಗೆ ಉಂಗುರ ಬಿಗಿಯಾಗುತ್ತದೆ, ಮಷೀನ್ ಒಂದು ಕೆಜಿ ಮೇಲೆ ತೋರಿಸುತ್ತದೆ, ಮುಟ್ಟಾದ ಮೂರ್ನಾಲ್ಕು ದಿನಕ್ಕೆ ಎಲ್ಲಾ ಸರಿಯಾಗುತ್ತದೆ. ಆ ವಾರದ ತೂಕವನ್ನು ಹಿಂದಿನ ತಿಂಗಳ ಅದೇ ವಾರದ ಜೊತೆ ಮಾತ್ರ ಹೋಲಿಸುತ್ತೇನೆ.

ತೀರಾ ಕಮ್ಮಿ ತಿಂದರೂ ನೀರು ನಿಲ್ಲಬಹುದು. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಒಪ್ಪಿ ಬಂದ 36 ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದ. ಮೈ ಸೊರಗುತ್ತಿದ್ದರೂ ಅವರಲ್ಲಿ ಹಲವರಿಗೆ ಕಾಲು ಊದಿಕೊಂಡಿತ್ತು. ಅವರದು ಬಹಳ ಕಠಿಣವಾದ ಪರೀಕ್ಷೆ, ನಮ್ಮ ಡಯಟ್ ಅಷ್ಟಿಲ್ಲ. ಆದರೂ ಮಷೀನ್ ಏರಿತು ಅಂತ ಇನ್ನೂ ಒಂದು ಹೊತ್ತು ಊಟ ಬಿಡುವವರಿಗೆ ನಾನು ಇದನ್ನೇ ಹೇಳುವುದು.

ಈಗ ನಾನು ನೋಡುವುದು ಏಳು ದಿನದ ತೂಕ ಕೂಡಿ ಏಳರಿಂದ ಭಾಗಿಸಿದ ಸರಾಸರಿ ಒಂದನ್ನೇ. ದಿನದ ಅಂಕಿ ಎಷ್ಟೇ ಕುಣಿಯಲಿ, ಸರಾಸರಿ ವಾರಕ್ಕೆ ಇನ್ನೂರು ಮುನ್ನೂರು ಗ್ರಾಂ ಇಳಿಯುತ್ತಿದ್ದರೆ ಸಾಕು. ಜೊತೆಗೆ ಟೈಲರ್ ಟೇಪಿನಲ್ಲಿ ಹೊಕ್ಕಳ ಮಟ್ಟಕ್ಕೆ ಸೊಂಟದ ಅಳತೆ, ಹದಿನೈದು ದಿನಕ್ಕೊಮ್ಮೆ.

ಒಂದು ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿ, ಪಾದ ಒತ್ತಿದರೆ ಗುಳಿ ಬೀಳುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ, ಅದು ಹೃದಯ ಅಥವಾ ಕಿಡ್ನಿ ತೊಂದರೆ ಇರಬಹುದು. ಸ್ಟಿರಾಯ್ಡ್ ಮಾತ್ರೆಯಿಂದಲೂ ನೀರು ನಿಲ್ಲುತ್ತದೆ. ಬಿಪಿಗೆ ಕೊಡುವ ಅಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲು ಊದುತ್ತದೆ. ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ, ಕೇಳಿ ಬದಲಾಯಿಸಿಕೊಳ್ಳಿ.

ಸರಾಸರಿಯೇ ಒಂದು ತಿಂಗಳು ಅಲ್ಲಾಡದೆ ನಿಂತರೆ ಆಗ ನೀರಿನ ನೆಪ ಹೇಳುವ ಹಾಗಿಲ್ಲ. ಮೈ ಹಗುರಾದಷ್ಟೂ ಅದಕ್ಕೆ ಬೇಕಾದ ಊಟವೂ ಕಮ್ಮಿಯಾಗುತ್ತದೆ, ಮೊದಲಿನ ಊಟದ ಅಳತೆ ಈಗ ಮೈಯ ಖರ್ಚಿಗೆ ಸರಿಸಮ ಆಗಿರುತ್ತದೆ. ನಾನು ಅನ್ನಕ್ಕೆ ಕೈ ಹಾಕುವ ಮುಂಚೆ ಎಣ್ಣೆ ನೋಡುತ್ತೇನೆ. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೋರಿ, ಒಗ್ಗರಣೆಗೆ ಕ್ಯಾನಿನಿಂದ ನೇರ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಲು ಶುರು ಮಾಡಿದ ಮೇಲೆ ನಿಂತಿದ್ದ ಸರಾಸರಿ ಮತ್ತೆ ಇಳಿಯತೊಡಗಿತು.