ತಲೆಯಾಡಿಸಿದರೆ ಅರ್ಥವಾಯಿತು ಎಂದಲ್ಲ: ರೋಗಿಗೆ ಔಷಧಿ ವಿವರಿಸುವ ಬಗೆ

"ಅರ್ಥ ಆಯ್ತಾ?" ಎಂದು ಕೇಳಿದರೆ ಬಹುತೇಕರು "ಆಯ್ತು" ಎಂದುಬಿಡುತ್ತಾರೆ. ದಡ್ಡರೆನಿಸಿಕೊಳ್ಳುವ ಮುಜುಗರ, ಹೊರಗೆ ಕಾಯುತ್ತಿರುವವರ ಸಾಲು, ಎಲ್ಲ ಆ ಒಂದು ಮಾತಿನಲ್ಲಿ ಮುಚ್ಚಿಹೋಗುತ್ತದೆ. ಅದರ ಬದಲು ಹೀಗೆ ಕೇಳಿ: "ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು. ಈ ಮಾತ್ರೆ ಯಾವಾಗ, ಎಷ್ಟು ತಗೊಳ್ತೀರಿ, ಒಮ್ಮೆ ಹೇಳಿ." ಇಲ್ಲಿ ಪರೀಕ್ಷೆ ವಿವರಿಸಿದವರಿಗೆ. ಉತ್ತರ ತಪ್ಪಿದರೆ ಅದೇ ವಾಕ್ಯವನ್ನು ದನಿ ಏರಿಸಿ ಹೇಳಿ ಪ್ರಯೋಜನವಿಲ್ಲ. ಬೇರೆ ಮಾತಿನಲ್ಲಿ, ಚಿತ್ರ ಬರೆದು, ಇಲ್ಲವೇ ಮಾತ್ರೆಯನ್ನೇ ಕೈಗಿಟ್ಟು ಹೇಳಿ, ಮತ್ತೆ ಕೇಳಿ. ಇನ್‌ಹೇಲರ್ ಆದರೆ ಬಾಯಿಮಾತು ಸಾಲದು, ಎದುರಿಗೇ ಬಳಸಿ ತೋರಿಸಲಿ.

ಒಂದು ಭೇಟಿಗೆ ಎರಡು ಮೂರು ಮುಖ್ಯ ವಿಷಯ ಸಾಕು. ಒಂದೊಂದು ಮುಗಿದಾಗಲೂ ನಿಂತು ಕೇಳಿ. ಕೊನೆಗೆ ಒಟ್ಟಿಗೆ ಕೇಳಿದರೆ ಮೊದಲಿನದು ಮರೆತಿರುತ್ತದೆ.

ಪ್ರಮಾಣದ ವಿಷಯದಲ್ಲಿ ಎಷ್ಟು ಬಿಡಿಸಿ ಹೇಳಿದರೂ ಕಡಿಮೆಯೇ. "ದಿನಕ್ಕೆ ಎರಡು" ಎಂದರೆ ಎರಡನ್ನೂ ಒಟ್ಟಿಗೆ ನುಂಗಬಹುದು. "ಬೆಳಿಗ್ಗೆ 8ಕ್ಕೆ ಒಂದು, ರಾತ್ರಿ 8ಕ್ಕೆ ಒಂದು" ಎನ್ನಿ. "ಖಾಲಿ ಹೊಟ್ಟೆಗೆ" ಎಂದರೆ ಸಾಮಾನ್ಯವಾಗಿ ಊಟಕ್ಕೆ 1 ಗಂಟೆ ಮೊದಲು ಅಥವಾ ಊಟವಾಗಿ 2 ಗಂಟೆಯ ಮೇಲೆ; ಹಾಗೆಂದೇ ಹೇಳಿ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆಯ ಔಷಧಿ. ದಿನವೂ ತೆಗೆದುಕೊಂಡರೆ ಮೂಳೆಮಜ್ಜೆಗೆ ಪೆಟ್ಟು ಬಿದ್ದು ಪ್ರಾಣವೇ ಹೋಗಬಹುದು. "ವಾರಕ್ಕೆ 1" ಎಂದಷ್ಟೇ ಬರೆಯದೆ "ಸೋಮವಾರ ಮಾತ್ರ" ಎಂದು ವಾರದ ಹೆಸರನ್ನೇ ಬರೆಯಿರಿ.

ಮಕ್ಕಳ ಸಿರಪ್‌ಗೆ ಅಡುಗೆಮನೆಯ ಚಮಚ ಬೇಡ, ಒಂದೊಂದರ ಅಳತೆ ಒಂದೊಂದು. ಗುರುತುಗಳಿರುವ, ಸೂಜಿಯಿಲ್ಲದ ಸಿರಿಂಜ್ ಕೊಟ್ಟು, ಎಲ್ಲಿಯವರೆಗೆ ಎಳೆಯಬೇಕೋ ಅಲ್ಲಿ ಪೆನ್ನಿನಿಂದ ಗೆರೆ ಹಾಕಿ. ಬಾಟಲಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ: 5 ಮಿ.ಲೀ.ಗೆ 120 ಮಿ.ಗ್ರಾಂ ಪ್ಯಾರಸಿಟಮಾಲ್ ಇರುವ ಸಿರಪ್ ಇದೆ, 250 ಮಿ.ಗ್ರಾಂ ಇರುವುದೂ ಇದೆ.

ಪದಗಳೂ ಕೈಕೊಡುತ್ತವೆ. ವರದಿ "ಪಾಸಿಟಿವ್" ಎಂದರೆ ಒಳ್ಳೆಯ ಸುದ್ದಿ ಎಂದುಕೊಂಡರೆ ತಪ್ಪೇನು? "ಸೋಂಕು ಇದೆ" ಎಂದುಬಿಡಿ. "ಅಪಾಯ ಇಮ್ಮಡಿ" ಎಂದು ಹೆದರಿಸುವ ಬದಲು "1000 ಜನರಲ್ಲಿ 1 ಇದ್ದದ್ದು 2 ಆಗುತ್ತದೆ" ಎನ್ನಿ. ಭಾಷೆ ಬಾರದವರಿಗೆ ಮನೆಯ ಮಗುವನ್ನು ದುಭಾಷಿ ಮಾಡಬೇಡಿ.

ರೋಗಿಯ ಪಾಲೂ ಇದೆ. ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ, ಅಂಗಡಿಯಿಂದ ತಾವೇ ತಂದದ್ದೂ ಸೇರಿ, ಚೀಲದಲ್ಲಿ ಹಾಕಿಕೊಂಡು ಬನ್ನಿ. ನನಗೇನಾಗಿದೆ, ನಾನೇನು ಮಾಡಬೇಕು, ಯಾಕೆ ಎಂಬ ಮೂರಕ್ಕೆ ಉತ್ತರ ಸಿಗುವತನಕ ಕುರ್ಚಿ ಬಿಡಬೇಡಿ. "ಜಾಸ್ತಿಯಾದರೆ ಬನ್ನಿ" ಎಂದರೆ, ಯಾವ ಲಕ್ಷಣ, ಎಷ್ಟು ದಿನ, ರಾತ್ರಿಯಾದರೆ ಎಲ್ಲಿಗೆ ಎಂಬುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.