ನಂಬರ್ ಪ್ಲೇಟ್ ಬಿಟ್ಟು ಹಳೇ ರಿಪೇರಿ ಕಲೆ ಹುಡುಕಿದೆ, ಕಳುವಾದ ನನ್ನ ಬೀಟಲ್ ವಾಪಸ್ ಬಂತು

ಹನ್ನೊಂದು ವಾರ ಆದ್ಮೇಲೆ ಕಳುವಾಗಿದ್ದ ನನ್ನ 1966ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಮನೆಗೆ ಬಂತು. "ಮೊದಲನೇ ವಾರದಲ್ಲಿ ಸಿಗದಿದ್ರೆ ಬಿಚ್ಚಿ ಮಾರಿರ್ತಾರೆ, ಆಸೆ ಬಿಟ್ಬಿಡು" ಅಂತ ಹೇಳಿದವರೇ ಜಾಸ್ತಿ, ಅದೂ ಹಳೇ ಕಾರುಗಳಲ್ಲೇ ಜೀವನ ಕಳೆದವರು. ಅದಕ್ಕೇ ಬರೀತಿದೀನಿ.

ಪ್ರತಿ ರಾತ್ರಿ ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ (ಅದಿಲ್ದಿದ್ರೆ ಎಂಜಿನ್ ಸ್ಟಾರ್ಟ್ ಆಗಲ್ಲ) ಬಿಚ್ಚಿ ಜೇಬಿಗೆ ಹಾಕ್ಕೊಂಡು ಮಲಗೋನು ನಾನು, ಅವತ್ತು ಮಳೆ ಜೋರಿತ್ತು, ಬಿಚ್ಚಲಿಲ್ಲ. ಬೆಳಿಗ್ಗೆ ನೋಡಿದ್ರೆ ಒದ್ದೆ ನೆಲದ ಮೇಲೆ ಒಣಗಿದ ಒಂದು ಚೌಕ ಅಷ್ಟೇ, ಅದರ ಹಿಂದಿನ ತುದೀಲಿ ನಾಲ್ಕು ಹನಿ ಎಂಜಿನ್ ಆಯಿಲ್. ಒಂಬತ್ತು ವರ್ಷ ಕೂತು ಕಟ್ಟಿದ ಕಾರು ಅದು.

ಮೊದಲು ಎಲ್ಲರ ಹಾಗೆ ನಾನೂ ಕಂಪ್ಲೇಂಟ್ ಕೊಟ್ಟೆ, ನಂಬರ್ ಪ್ಲೇಟ್ ಫೋಟೋ, ಬಣ್ಣ, ಬಹುಮಾನ ಎಲ್ಲಾ ಹಾಕಿ ಪೋಸ್ಟರ್ ಹೊಡೆಸಿದೆ, ಎರಡು ಬಂಪರ್‌ಗೆ ಕ್ರೋಮ್ ಮಾಡ್ಸೋಷ್ಟು ದುಡ್ಡು ಅಲ್ಲೇ ಹೋಯ್ತು, ಬಂದಿದ್ದು ಸುಳ್ಳು ಫೋನು ಮಾತ್ರ. ಒಬ್ಬ "ಕಾರು ನನ್ನ ಹತ್ರ ಇದೆ, ಅಡ್ವಾನ್ಸ್ ಕಳ್ಸಿ" ಅಂದ, ಕಳಿಸಿದೆ, ನಾಲ್ಕು ಹೊಸ ಟೈರ್ ಬರ್ತಿತ್ತು ಆ ದುಡ್ಡಲ್ಲಿ. ಇನ್ಶೂರೆನ್ಸ್ ಬೇರೆ ಅಗ್ರೀಡ್ ವ್ಯಾಲ್ಯೂ (ಕಾರಿಗೆ ಮೊದಲೇ ಒಪ್ಕೊಂಡ ಬೆಲೆ) ಮೇಲೆ ಮಾಡಿಸಿರಲಿಲ್ಲ, ಅವರು ಹೇಳಿದ ಮೊತ್ತಕ್ಕೆ ಒಂದು ಎಂಜಿನ್ ಕೂಡ ಸಿಗಲ್ಲ.

ಮೂರನೇ ವಾರ ಕೂತು ಯೋಚನೆ ಮಾಡ್ದೆ. ಕದ್ದವನು ಪ್ಲೇಟ್ ಬದಲಾಯಿಸ್ತಾನೆ, ಬಣ್ಣ ಹೊಡೀತಾನೆ, ಹಿಂದಿನ ಸೀಟ್ ಎತ್ತಿ ಟನಲ್ (ಕಾರಿನ ನೆಲದ ಮಧ್ಯದ ಉದ್ದನೆ ಉಬ್ಬು) ಮೇಲಿನ ಚಾಸಿ ನಂಬರನ್ನೂ ಉಜ್ತಾನೆ. ಆದರೆ ನಾನು ಹಾಕಿದ ವೆಲ್ಡಿಂಗ್ ಅವನಿಗೆ ಗೊತ್ತಾ? ರಿಸ್ಟೋರೇಷನ್ ಫೋಟೋಗಳು ಹತ್ತಿರಹತ್ತಿರ ಎರಡು ಸಾವಿರ ಇತ್ತು, ಅದರಿಂದ ಕಾರಿನ ಕಲೆಗಳ ಪಟ್ಟಿ ಮಾಡ್ದೆ: ಸ್ಪೇರ್ ವೀಲ್ ಹಿಂದಿನ ಪ್ಯಾಚ್, ಎಡಗಡೆ ಹೀಟರ್ ಚಾನೆಲ್‌ನಲ್ಲಿ (ಬಾಗಿಲ ಕೆಳಗೆ ಬಿಸಿಗಾಳಿ ಹೋಗೋ ಭಾಗ) ಸ್ವಲ್ಪ ಸೊಟ್ಟಗಾದ ಜೋಡಣೆ, ಡ್ಯಾಶ್ ಕೆಳಗೆ ಹಿತ್ತಾಳೆ ಸ್ಕ್ರೂ ಹಾಕಿ ಮುಚ್ಚಿದ ತೂತು, ಹೀಗೆ ಇಪ್ಪತ್ತು ಚಿಲ್ಲರೆ. ಎಲ್ಲಾ ಕಲೆ ಯಾರಿಗೂ ಹೇಳಲಿಲ್ಲ, ಎರಡು ನನ್ನ ಹತ್ರಾನೇ ಇಟ್ಕೊಂಡೆ, ಇವತ್ತಿಗೂ ಹೇಳಲ್ಲ. ಆಮೇಲೆ ಫೋನ್ ಮಾಡಿದವರಿಗೆಲ್ಲ ಆ ಎರಡರ ಬಗ್ಗೆನೇ ಕೇಳ್ತಿದ್ದೆ, ಒಬ್ಬನೂ ಎರಡನೇ ಸಲ ಫೋನ್ ಮಾಡಲಿಲ್ಲ.

ಇನ್ನು ಗೆಳೆಯರ ವಿಷಯ. ನಮ್ಮ ಏರ್‌ಕೂಲ್ಡ್ (ಗಾಳಿಯಿಂದ ಎಂಜಿನ್ ತಣ್ಣಗಾಗೋ ಹಳೇ ಫೋಕ್ಸ್‌ವ್ಯಾಗನ್) ಬಳಗದಲ್ಲಿ ಕೆಲಸ ಹಂಚ್ಕೊಂಡ್ರು: ಒಬ್ಬರು ಗುಜರಿ ನೋಡ್ಕೊಂಡ್ರು, ಒಬ್ಬರು ನನ್ನ ಕಾರಲ್ಲಿದ್ದಂಥ 30 ಪಿಕ್ಟ್ ಮಾಡೆಲ್ ಕಾರ್ಬ್ಯುರೇಟರ್ ಮಾರಾಟ, ಇನ್ನೊಬ್ಬರು ಸೀಟು-ಸ್ಟೀರಿಂಗ್, ಮಿಕ್ಕವರು ಮಾರಾಟಕ್ಕಿರೋ ಬೀಟಲ್‌ಗಳನ್ನ ಗಿರಾಕಿ ಥರ ಹೋಗಿ ನೋಡೋದು. ನನ್ನ ಮುಖ ಕೂಡ ನೋಡಿರದವರು ರಜೆ ದಿನ ತಮ್ಮ ಪೆಟ್ರೋಲ್ ಹಾಕ್ಕೊಂಡು ಹೋಗಿದ್ದಾರೆ, ದುಡ್ಡು ಕೊಡೋಕೆ ಹೋದ್ರೆ ಬೈದ್ರು. ಸುಮಾರು ಮೂವತ್ತು ಕಾರು ನೋಡಿದ್ವಿ.

ಮಧ್ಯೆ ಕೈ ಸುಮ್ನಿರದೆ ಗೆಳೆಯನ ಕಾರಲ್ಲಿ ಟ್ರ್ಯಾಕರ್ ಪ್ರಯೋಗ ಮಾಡ್ದೆ. ಅದೂ ನನ್ನದರ ಹಾಗೆ ಆರು ವೋಲ್ಟ್, ಟ್ರ್ಯಾಕರ್‌ಗಳು ಹೆಚ್ಚಿನವು ಎಂಟೊಂಬತ್ತು ವೋಲ್ಟಿಂದ ಮೇಲೇನೇ ಎದ್ದೇಳೋದು. ವೋಲ್ಟೇಜ್ ಏರಿಸೋ ಸ್ಟೆಪ್‌ಅಪ್ ಕನ್ವರ್ಟರ್ ಹಾಕಿದ್ವಿ, ಸ್ಟಾರ್ಟರ್ ತಿರುಗಿದ ತಕ್ಷಣ ವೋಲ್ಟೇಜ್ ನಾಲ್ಕೂವರೆಗೆ ಬಿದ್ದು ರೀಸೆಟ್. ಕೊನೆಗೆ ಅದಕ್ಕೇ ಬೇರೆ ಪುಟ್ಟ ಬ್ಯಾಟರಿ ಕೊಟ್ಟ ಮೇಲೆ ನಿಂತಿತು. ಬ್ಲೂಟೂತ್ ಟ್ಯಾಗ್ ಟನಲ್ ಒಳಗಿಟ್ರೆ ತಗಡು ಸಿಗ್ನಲ್ ನುಂಗುತ್ತೆ, ಸೀಟಿನ ನಾರಿನ ಪ್ಯಾಡ್ ಒಳಗೆ ಚೆನ್ನಾಗಿ ಕೆಲಸ ಮಾಡ್ತು. ಆದರೆ ಆ ಟ್ಯಾಗು "ನಿಮ್ಮ ಜೊತೆ ಟ್ಯಾಗ್ ಬರ್ತಿದೆ" ಅಂತ ಕಳ್ಳನ ಫೋನಿಗೂ ಹೇಳ್ಬಹುದು, ಹಾಗಾಗಿ ಹುಡುಕೋಕೆ ನಮಗೆ ಸಿಗೋದು ಕೆಲವೇ ಗಂಟೆ.

ಹತ್ತನೇ ವಾರ ಒಬ್ಬ ಗೆಳೆಯ ಬೂದು ಬಣ್ಣದ ಬೀಟಲ್ ನೋಡೋಕೆ ಹೋದ. ನನ್ನದು ನೀಲಿ. ಮಾರೋನು ಪಕ್ಕದಲ್ಲೇ ನಿಂತಿದ್ದ, ಇವನು ಪೆನ್ನು ಬೀಳಿಸಿ ಎತ್ಕೊಳೋ ನೆಪದಲ್ಲಿ ಡ್ಯಾಶ್ ಕೆಳಗೆ ಬಗ್ಗಿ ಫೋಟೋ ತೆಗೆದು ಕಳಿಸಿದ. ಹಿತ್ತಾಳೆ ಸ್ಕ್ರೂ, ಅದರ ತಲೆ ಮೇಲೂ ಬೂದು ಪೇಂಟ್, ಆದರೆ ಗೀರಿನೊಳಗೆ ಹಳದಿ ಮಿಂಚ್ತಿತ್ತು. ನನ್ನ ಕೈ ನಡುಗೋಕೆ ಶುರುವಾಯ್ತು. "ಏನೂ ಮಾತಾಡ್ಬೇಡ ಗುರು, ರೇಟ್ ಚೌಕಾಸಿ ಮಾಡ್ತಾ ಇರು" ಅಂತ ಹೇಳಿ ಫೋಟೋಗಳ ಫೈಲ್ ಹಿಡ್ಕೊಂಡು ಪೊಲೀಸರ ಜೊತೆ ಹೋದೆ.

ಚಾಸಿ ನಂಬರ್ ಉಜ್ಜಿದ್ರು, ನಾನು ಅಂದ್ಕೊಂಡ ಹಾಗೇ. ಜನರೇಟರ್ ಸ್ಟ್ಯಾಂಡ್ ಕೆಳಗಿನ ಎಂಜಿನ್ ನಂಬರ್ ಮುಟ್ಟಿರಲಿಲ್ಲ, 'ಎಫ್' ಇಂದ ಶುರುವಾಗೋ ಅದೇ ನಂಬರ್. "ಎಂಜಿನ್ ಯಾರ್ ಬೇಕಾದ್ರೂ ಬದಲಾಯಿಸ್ಬಹುದಲ್ಲ" ಅಂದ ಮಾರೋನು. ಆಗ ಪ್ಯಾಚ್ ಫೋಟೋ ಒಂದೊಂದಾಗಿ ತೆಗೆದು ಕಾರಿನ ಪಕ್ಕ ಹಿಡಿದೆ, ಹೀಟರ್ ಚಾನೆಲ್‌ಗೆ ಬರೋಷ್ಟರಲ್ಲಿ ಅವನ ಮಾತು ನಿಂತಿತ್ತು. ಉಜ್ಜಿದ ಜಾಗಕ್ಕೆ ಆಸಿಡ್ ಎಚಿಂಗ್ (ಅಳಿಸಿದ ಅಂಕಿ ಕಾಣೋ ಹಾಗೆ ಆಸಿಡ್ ಹಚ್ಚೋದು) ಮಾಡಿದಾಗ 116 ಅಂತ ಶುರುವಿನ ಅಂಕಿ ಮಸುಕಾಗಿ ಎದ್ದು ಬಂತು, 11 ಅಂದ್ರೆ ಬೀಟಲ್, 6 ಅಂದ್ರೆ 1966ರ ಮಾಡೆಲ್.

ಕಾರ್ಬ್ಯುರೇಟರ್, ಎರಡು ಸೀಟು, ಹಾರ್ನ್ ರಿಂಗ್ ಹೋಗಿತ್ತು. ಎಂಜಿನ್ ರೀಬಿಲ್ಡ್‌ಗೆ ಎತ್ತಿಟ್ಟಿದ್ದ ದುಡ್ಡು ಅದಕ್ಕೇ ಸಾಲಲ್ಲ. ಕಾರು ಬಂದ ಸಂಜೆ ಏಳು ಜನ ಟೂಲ್ ಹಿಡ್ಕೊಂಡು ಬಂದ್ರು, ಒಬ್ಬ ತನ್ನ ಓಡ್ತಿರೋ ಕಾರಿಂದ ಕಾರ್ಬ್ಯುರೇಟರ್ ಬಿಚ್ಚಿ ತಂದಿದ್ದ, ರಾತ್ರಿ ಹತ್ತರ ಹೊತ್ತಿಗೆ ಎಂಜಿನ್ ಸ್ಟಾರ್ಟ್ ಆಯ್ತು. ಬೂದು ಬಣ್ಣ ಇನ್ನೂ ಹಾಗೇ ಇದೆ. ಮೊದಲು ಅವನಿಗೊಂದು ಕಾರ್ಬ್ಯುರೇಟರ್ ಹುಡುಕಿ ಕೊಡ್ಬೇಕು, ಅವನ ಕಾರು ಅವತ್ತಿಂದ ನಿಂತೇ ಇದೆ.